ಓದುಗರ ಪ್ರಶ್ನೆ: ನಾಕ್ ಉಜ್ಜಬೇಡಿ, ಸರ್ವಿಂಗ್ ಬದಲಿಸಿ

ಪ್ರಶ್ನೆ: ಅಕ್ಕಾ, ನಾನು ಬಿಲ್ಲುಗಾರಿಕೆಯ ಇಂಡಿಯನ್ ರೌಂಡ್ ಸ್ಪರ್ಧೆಗೆ ಬಿದಿರಿನ ಬಿಲ್ಲಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಹಳೆ ಹೆದೆ ಸವೆದಿತ್ತು, ಹೊಸ ಡ್ಯಾಕ್ರಾನ್ (ಪಾಲಿಯೆಸ್ಟರ್ ನೂಲಿನ) ಹೆದೆ ಹಾಕಿದೆ. ಈಗ ಬಾಣ ಹೂಡಿದರೆ ಅದರ ಹಿಂತುದಿಯ ಪ್ಲಾಸ್ಟಿಕ್ ಕಚ್ಚು, ಅಂದರೆ ನಾಕ್, ಹೆದೆಗೆ ತುಂಬಾ ಬಿಗಿಯಾಗಿ ಕೂರುತ್ತದೆ, ಬಿಡಿಸಲು ಎಳೆಯಬೇಕು. 30 ಮೀಟರಿನಲ್ಲಿ ಪರವಾಗಿಲ್ಲ. 50 ಮೀಟರಿನಲ್ಲಿ ಬಾಣ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಗೆಳೆಯರು ನಾಕ್‌ನ ಬಾಯಿಯನ್ನು ಅರದಿಂದ ಸ್ವಲ್ಪ ಉಜ್ಜು ಎನ್ನುತ್ತಾರೆ. ಉಜ್ಜಬಹುದಾ?
ಪಿಯುಸಿ ವಿದ್ಯಾರ್ಥಿ, ಕಾಪು

ಉತ್ತರ: ಅರ ಕೆಳಗಿಡು ಮಾರಾಯಾ. ನಿನ್ನ ಹತ್ತಿರ ಬಾಣ ಒಂದು ಡಜನ್ ಇರಬಹುದು, ಬಿಲ್ಲಿಗೆ ಹೆದೆ ಒಂದೇ. ಅಷ್ಟೂ ನಾಕ್‌ಗಳನ್ನು ಕೈಯಲ್ಲಿ ಒಂದೇ ಅಳತೆಗೆ ಉಜ್ಜುವುದು ಆಗದ ಮಾತು. ಒಂದು ಸಡಿಲವಾಗುತ್ತದೆ, ಇನ್ನೊಂದು ಬಿಗಿಯಾಗೇ ಉಳಿಯುತ್ತದೆ. ಆಮೇಲೆ ತಪ್ಪು ನಿನ್ನ ಕೈಯದ್ದೋ ಬಾಣದ್ದೋ ಗೊತ್ತಾಗುವುದೇ ಇಲ್ಲ. ತೆಳುವಾದ ಪ್ಲಾಸ್ಟಿಕ್ ಸೀಳುವ ಭಯ ಬೇರೆ. ಬದಲಿಸಬೇಕಾದದ್ದು ಹೆದೆಯ ನಡುವೆ ಸುತ್ತಿದ ದಾರ, ಅಂದರೆ ಸರ್ವಿಂಗ್.

ಮೊದಲು ಪರೀಕ್ಷೆ ಮಾಡು. ಬಿಲ್ಲಿಗೆ ಹೆದೆ ಏರಿಸು. ಇಳಿಸಿದ ಹೆದೆಯಲ್ಲಿ ನೋಡಬೇಡ, ಸಡಿಲ ಇದ್ದಾಗ ಅದು ದಪ್ಪವಾಗಿರುತ್ತದೆ. ಬಾಣ ಹೂಡಿ, ಮೊನೆ ನೆಲದ ಕಡೆ ಬರುವಂತೆ ಬಿಲ್ಲನ್ನು ಅಡ್ಡ ಹಿಡಿ. ಬಾಣ ತಾನಾಗಿ ಬೀಳಬಾರದು, ಹೆದೆಗೆ ನೇತಾಡಬೇಕು. ಈಗ ನಾಕ್‌ನಿಂದ ಎರಡು ಇಂಚು ದೂರದಲ್ಲಿ ಹೆದೆಗೆ ಬೆರಳಿನಿಂದ ಮೆಲ್ಲಗೆ ತಟ್ಟು. ಬಾಣ ಕಳಚಿ ಬಿದ್ದರೆ ಸರಿ ಇದೆ. ಜೋರಾಗಿ ಹೊಡೆದರೂ ಬೀಳದಿದ್ದರೆ ಬಿಗಿ ಜಾಸ್ತಿ. ನಿನ್ನ ಎಲ್ಲಾ ಬಾಣಗಳನ್ನೂ ಹೀಗೆ ನೋಡು. ಒಂದೇ ಒಂದು ಬಿಗಿ ಇದ್ದರೆ ಆ ನಾಕ್ ಮಾತ್ರ ಬದಲಿಸಿದರೆ ಸಾಕು.

ಬಾಣ ಮೇಲೆ ಕೆಳಗೆ ಆಗುವುದಕ್ಕೆ ಕಾರಣ ಹೇಳುತ್ತೇನೆ. ಬಿಟ್ಟ ಹೆದೆ ಮುಂದೆ ಬಂದು ತನ್ನ ಜಾಗದಲ್ಲಿ ನಿಲ್ಲುವಾಗ ಬಾಣ ಸಲೀಸಾಗಿ ಕಳಚಿಕೊಳ್ಳಬೇಕು. ನಾಕ್ ಕಚ್ಚಿ ಹಿಡಿದರೆ ಬಾಣದ ಬಾಲ ಜಗ್ಗುತ್ತದೆ. ಈ ಜಗ್ಗು ಪ್ರತಿ ಸಲ ಒಂದೇ ತರ ಇರುವುದಿಲ್ಲ. 30 ಮೀಟರಿನಲ್ಲಿ ಕಾಣದ್ದು 50ರಲ್ಲಿ ಎದ್ದು ಕಾಣುತ್ತದೆ. ಮೆತ್ತಗಿನ ಬಿಲ್ಲಿಗೆ ತೊಂದರೆ ಇನ್ನೂ ಜಾಸ್ತಿ, ಬಿಗಿ ನಾಕ್‌ನ್ನು ಕಿತ್ತು ಕಳಿಸುವ ಕಸುವು ಅದಕ್ಕೆ ಕಡಿಮೆ. ಬಾಣ ಯಾವಾಗಲೂ ಮೇಲೇ ಹೋಗುತ್ತಿದ್ದರೆ ನಾನು ನಾಕಿಂಗ್ ಪಾಯಿಂಟ್ (ಹೆದೆಯ ಮೇಲೆ ನಾಕ್ ಕೂರುವ ಜಾಗದ ಗುರುತು) ನೋಡು ಎನ್ನುತ್ತಿದ್ದೆ. ಒಮ್ಮೆ ಹೀಗೆ ಒಮ್ಮೆ ಹಾಗೆ ಅಂದದ್ದಕ್ಕೆ ನನಗೆ ಸರ್ವಿಂಗ್ ಮೇಲೆ ಅನುಮಾನ.

ಈಗ ಲೆಕ್ಕ. ಸರ್ವಿಂಗ್ ದಾರ ಹೆದೆಯ ಎರಡೂ ಬದಿಗೆ ಬರುತ್ತದೆ ಅಲ್ವಾ, ಆದ್ದರಿಂದ ಅದರ ದಪ್ಪವನ್ನು ಎರಡು ಸಲ ಕೂಡಿಸಬೇಕು. ಬರೀ ಹೆದೆ 1.8 ಮಿ.ಮೀ. ಇದೆ ಎಂದುಕೋ. 0.021 ಇಂಚಿನ ದಾರ ಅಂದರೆ 0.53 ಮಿ.ಮೀ. ಅದನ್ನು ಸುತ್ತಿದರೆ ಒಟ್ಟು 2.86. ಅದೇ 0.018 ಇಂಚಿನ ದಾರ, ಅಂದರೆ 0.46 ಮಿ.ಮೀ. ಸುತ್ತಿದರೆ 2.72. ವ್ಯತ್ಯಾಸ 0.14 ಮಿ.ಮೀ. ಅಷ್ಟೇ. ಆದರೆ ನಾಕ್‌ಗೆ ಅಷ್ಟೇ ಬೇಕಾಗುವುದು. ಬಿಗಿಯಾಗಿ ಸುತ್ತಿದಾಗ ದಾರ ಚಪ್ಪಟೆಯಾಗಿ ಇನ್ನೂ ಸ್ವಲ್ಪ ಇಳಿಯುತ್ತದೆ. ಅಳೆಯಲು ವರ್ನಿಯರ್ ಬೇಕು. ಅದಕ್ಕಾಗಿ ಸುಮ್ನೆ ದುಡ್ಡು ಹಾಕಬೇಡ. ಯಾವುದೇ ಲೇತ್ ವರ್ಕ್‌ಶಾಪಿಗೆ ಬಿಲ್ಲು ಹಿಡಿದು ಹೋಗು, ಅಲ್ಲೇ ಅಳೆದು ಕೊಡುತ್ತಾರೆ.

ಆದರೆ ಇವತ್ತೇ ಸುತ್ತಬೇಡ. ಡ್ಯಾಕ್ರಾನ್ ಹೊಸದರಲ್ಲಿ ಹಿಗ್ಗುತ್ತದೆ. ಕೆಲವು ದಿನ ಹತ್ತಿರದಿಂದ ಬಾಣ ಬಿಟ್ಟು ಹೆದೆ ಪಳಗಲಿ. ಬ್ರೇಸ್ ಹೈಟ್, ಅಂದರೆ ಬಿಲ್ಲಿನ ಹಿಡಿಗೂ ಹೆದೆಗೂ ನಡುವಿನ ಅಂತರ, ಇಳಿದಿದ್ದರೆ ಹೆದೆಗೆ ತಿರುವು ಕೊಟ್ಟು ಸರಿ ಮಾಡು. ಆಮೇಲೆ ಹಳೆ ಸರ್ವಿಂಗ್ ಬಿಚ್ಚು. ಬ್ಲೇಡ್ ಬಳಸಬೇಡ, ಎಳೆ ಕತ್ತರಿಸಿದರೆ ಹೆದೆಯೇ ಹಾಳು. ಹೆದೆಯ ತಿರುವು ಯಾವ ಕಡೆಗೋ ಆ ಕಡೆಗೇ ಹೊಸ ದಾರ ಸುತ್ತು, ಇಲ್ಲವಾದರೆ ಬೆರಳು ಎಳೆದೆಳೆದು ಅದು ಸಡಿಲವಾಗುತ್ತದೆ. ಮೇಲಿನಿಂದ ಕೆಳಗಿನವರೆಗೆ ಎಳೆತ ಒಂದೇ ಸಮ ಇರಲಿ. ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ನಾನು ಬಾಣ ಬಿಡುವುದರ ಜೊತೆಗೇ ಇದನ್ನೂ ಕಲಿಸುತ್ತೇನೆ. ತನ್ನ ಹೆದೆ ತಾನೇ ಸುತ್ತಿದವನಿಗೆ ಬಿಲ್ಲಿನಲ್ಲಿ ಏನು ಕೆಟ್ಟಿದೆ ಎಂದು ಬೇಗ ತಿಳಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ತೆಳು ಮಾಡುವ ಭರದಲ್ಲಿ ಸಡಿಲ ಮಾಡಬೇಡ. ಬಿಗಿ ನಾಕ್ ಅಂಕ ಕಳೆಯುತ್ತದೆ, ಸಡಿಲ ನಾಕ್ ಬಿಲ್ಲನ್ನೇ ಕಳೆಯಬಹುದು. ಎಳೆದು ಬಿಡುವ ಹೊತ್ತಿಗೆ ಬಾಣ ಜಾರಿದರೆ ಬರೀ ಹೆದೆ ಬಿಟ್ಟ ಹಾಗೆ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿದಿರಿಗೆ ಬಡಿಯುತ್ತದೆ, ಬಿಲ್ಲು ಸೀಳಬಹುದು, ಮುಖಕ್ಕೂ ತಾಗಬಹುದು. ಸಡಿಲ ಆಯಿತು ಅನಿಸಿದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಮೇಣದ ಡೆಂಟಲ್ ಫ್ಲಾಸ್ ತಂದು, ನಾಕ್ ಕೂರುವ ಜಾಗದಲ್ಲಿ ಸರ್ವಿಂಗ್ ಮೇಲೆ ಒಂದು ಸುತ್ತು ಹಾಕಿ ಮತ್ತೆ ತಟ್ಟಿ ನೋಡು.

ಪ್ರಶ್ನೆ: ಪ್ಲಾಸ್ಟಿಕ್ ನಾಕ್ ಇಲ್ಲದೆ ಬಿದಿರಿನ ಬಾಣದ ತುದಿಯಲ್ಲೇ ಕಚ್ಚು ಕೊರೆದಿದ್ದೇನೆ. ಬೇಸಿಗೆಯಲ್ಲಿ ಸರಿ ಇತ್ತು, ಈಗ ಮಳೆಗಾಲದಲ್ಲಿ ಹೆದೆ ಒಳಗೇ ಹೋಗುತ್ತಿಲ್ಲ.
ಓದುಗರು, ಸುರತ್ಕಲ್

ಉತ್ತರ: ನಮ್ಮ ಕರಾವಳಿಯ ಮಳೆಗೆ ಬಿದಿರು ನೀರು ಹೀರಿ ಉಬ್ಬುತ್ತದೆ, ಕಚ್ಚು ಕಿರಿದಾಗುತ್ತದೆ. ಹೆದೆಗೆ ಸುತ್ತಿದ್ದು ನೈಲಾನ್ ದಾರವಾದರೆ ಅದಕ್ಕೂ ತೇವ ತಾಗುತ್ತದೆ. ಇಲ್ಲಿಯವರಿಗೆ ಪಾಲಿಯೆಸ್ಟರ್ ದಾರ ವಾಸಿ.

ಇಂಥ ಕಚ್ಚು ಹೆದೆಯನ್ನು ಕಚ್ಚಿ ಹಿಡಿಯಬೇಕಾಗಿಲ್ಲ. ಒತ್ತದೆ ಒಳಗೆ ಹೋಗಿ ಅಲುಗಾಡದೆ ಕೂತರೆ ಸಾಕು, ಉಳಿದದ್ದನ್ನು ಬೆರಳು ಹಿಡಿಯುತ್ತದೆ. ನೀವು ಉಜ್ಜಬಹುದು, ಆದರೆ ಈಗಲ್ಲ. ಬಾಣಗಳನ್ನು ಮನೆಯೊಳಗೆ ಬೆಚ್ಚಗಿನ ಜಾಗದಲ್ಲಿ ಒಣಗಲು ಬಿಡಿ. ಆಮೇಲೆ ಕಚ್ಚಿನ ಒಳಗೂ ತೆಳುವಾಗಿ ವಾರ್ನಿಷ್ ಹಚ್ಚಿ. ಹಾಗೂ ಬಿಗಿ ಇದ್ದರೆ ಮರಳು ಕಾಗದ ಮಡಚಿ ಎರಡೂ ಗೋಡೆಗಳನ್ನು ಸಮವಾಗಿ ಉಜ್ಜಿ ಮತ್ತೆ ವಾರ್ನಿಷ್ ಮಾಡಿ. ಹೊಸ ಬಾಣಕ್ಕೆ ಕಚ್ಚು ಕೊರೆಯುವಾಗ ಗಿಣ್ಣಿನ ಪಕ್ಕದಲ್ಲೇ ಕೊರೆಯಿರಿ, ಸೀಳು ಮುಂದೆ ಓಡದಂತೆ ಗಿಣ್ಣು ತಡೆಯುತ್ತದೆ. ಎರಡೋ ಮೂರೋ ಹ್ಯಾಕ್ಸಾ ಬ್ಲೇಡ್ ಸೇರಿಸಿ ಟೇಪ್ ಸುತ್ತಿ ಕೊರೆದರೆ ಅಗಲ ಎಲ್ಲದರಲ್ಲೂ ಒಂದೇ ಬರುತ್ತದೆ. ಕಚ್ಚಿನ ಕೆಳಗೆ ಬಲೆ ಹೆಣೆಯುವ ತೆಳು ನೂಲು ಬಿಗಿಯಾಗಿ ಸುತ್ತಿ ಅಂಟು ಹಾಕಿ. ಮಲ್ಪೆಯಲ್ಲಾಗಲಿ ಮಂಗಳೂರಿನ ಬಂದರಿನಲ್ಲಾಗಲಿ ಆ ನೂಲು ಸಿಗುತ್ತದೆ.