ಪುಕ್ಕಟೆ ಚಾರ್ಜಿಂಗ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರ: ನನ್ನದು ಎಲೆಕ್ಟ್ರಿಕ್ ಸ್ಕೂಟರ್. ದಿನಕ್ಕೆ 40 ಕಿ.ಮೀ. ಓಡಾಟ. ಬೆಂಗಳೂರಿನಲ್ಲಿ ಪುಕ್ಕಟೆಯಾಗಿ ಚಾರ್ಜ್ ಮಾಡಿಕೊಳ್ಳುವ ಜಾಗಗಳಿವೆಯಂತೆ. ಹುಡುಕುವುದು ಹೇಗೆ?
— ಓದುಗರು, ರಾಜಾಜಿನಗರ

ಉ: ಇವೆ. ಆದರೆ ರಸ್ತೆ ಬದಿಯಲ್ಲಿ ಹುಡುಕಬೇಡಿ, ಅಲ್ಲಿರುವುದು ಬಹುಪಾಲು ಹಣ ಕೊಟ್ಟು ಬಳಸುವ ಪಾಯಿಂಟ್‌ಗಳೇ. ಪುಕ್ಕಟೆ ಕರೆಂಟ್ ಕೊಡುವವರು ನಿಮ್ಮನ್ನು ಬೇರೆ ಕಾರಣಕ್ಕೆ ಕರೆಸಿಕೊಳ್ಳುವವರು: ಮಾಲ್, ಹೋಟೆಲ್, ವಾಹನ ಶೋರೂಮ್, ಕೆಲವು ಆಸ್ಪತ್ರೆಗಳು, ಎಲ್ಲಕ್ಕಿಂತ ಹೆಚ್ಚಾಗಿ ನೀವು ಕೆಲಸ ಮಾಡುವ ಕಚೇರಿ. ಕಚೇರಿಯ ಬೇಸ್‌ಮೆಂಟಿನಲ್ಲಿ ಪಾಯಿಂಟ್ ಇದೆಯೇ ಎಂದು ಆಡಳಿತ ವಿಭಾಗದಲ್ಲಿ ವಿಚಾರಿಸುವುದು ಯಾವ ಆ್ಯಪ್‌ಗಿಂತಲೂ ಬೇಗ ಫಲ ಕೊಡುತ್ತದೆ.

ಆ್ಯಪ್‌ಗಳಲ್ಲಿ ಮೊದಲು ಪ್ಲಗ್‌ಶೇರ್ ನೋಡಿ. ಹಣ ಕೇಳುವ ಜಾಗಗಳನ್ನು ಬಿಟ್ಟು ತೋರಿಸುವ ಫಿಲ್ಟರ್ ಅದರಲ್ಲಿದೆ. ಅಲ್ಲಿಗೆ ಹೋಗಿಬಂದವರು ಹಾಕಿದ ಫೋಟೊ, ಟಿಪ್ಪಣಿಗಳೂ ಸಿಗುತ್ತವೆ. ಟಿಪ್ಪಣಿಯ ದಿನಾಂಕ ನೋಡದೆ ಹೊರಡಬೇಡಿ. ಆರು ತಿಂಗಳಿಂದ ಯಾರೂ ಏನೂ ಬರೆದಿಲ್ಲವೆಂದರೆ ಆ ಪಾಯಿಂಟ್ ಕೆಟ್ಟಿರಬಹುದು ಅಥವಾ ಹಣ ಕೇಳಲು ಶುರುಮಾಡಿರಬಹುದು. ಏಥರ್ ಕಂಪನಿ 2018ರಲ್ಲಿ ಬೆಂಗಳೂರಿನಲ್ಲಿ ‘ಗ್ರಿಡ್’ ಎಂಬ ತನ್ನ ಚಾರ್ಜಿಂಗ್ ಜಾಲ ಆರಂಭಿಸಿದಾಗ ಪುಕ್ಕಟೆಯಾಗಿಯೇ ಕೊಟ್ಟಿತ್ತು. ಈಗ ಅದಕ್ಕೆ ದರವಿದೆ, ಆದರೂ ‘ಫ್ರೀ’ ಎಂದು ಸಾರುವ ಹಳೆಯ ಬರಹಗಳು ಇಂಟರ್‌ನೆಟ್ಟಿನಲ್ಲಿ ಇನ್ನೂ ಸಿಗುತ್ತವೆ. ಬೆಸ್ಕಾಂನ ಇವಿ ಮಿತ್ರ ಆ್ಯಪ್ ಮತ್ತು ಗೂಗಲ್ ಮ್ಯಾಪ್ಸ್ ಜಾಗ ತೋರಿಸಲು ಉಪಯೋಗಕ್ಕೆ ಬರುತ್ತವೆ. ಪುಕ್ಕಟೆ ಹೌದೋ ಅಲ್ಲವೋ ಎಂಬುದನ್ನು ಅಲ್ಲಿಗೇ ಫೋನ್ ಮಾಡಿ ಕೇಳಿ. ಕೇಳಬೇಕಾದ್ದು ಮೂರೇ: ಪಾಯಿಂಟ್ ಇವತ್ತು ಕೆಲಸ ಮಾಡುತ್ತಿದೆಯೇ? ಮೂರು ಪಿನ್ನಿನ ಸಾಕೆಟ್ಟೋ, ಗನ್ನೋ (ವಾಹನಕ್ಕೆ ನೇರವಾಗಿ ಸಿಕ್ಕಿಸುವ ಹಿಡಿಕೆಯ ಕೇಬಲ್)? ಪಾರ್ಕಿಂಗ್‌ಗೆ ಎಷ್ಟು?

ಮೂರನೆಯದನ್ನು ಮರೆತರೆ ಲೆಕ್ಕ ಉಲ್ಟಾ ಹೊಡೆಯುತ್ತದೆ. 40 ಕಿ.ಮೀ. ಓಟಕ್ಕೆ ಸ್ಕೂಟರಿನ ಬ್ಯಾಟರಿಯಿಂದ ಸುಮಾರು 1.2ರಿಂದ 1.3 ಯೂನಿಟ್ ಖರ್ಚಾಗುತ್ತದೆ. ಚಾರ್ಜರಿನಲ್ಲಿ ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿದರೆ ಗೋಡೆಯ ಪ್ಲಗ್ಗಿನಿಂದ ಒಂದೂವರೆ ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಮನೆಯಲ್ಲಿ ಅದರ ಖರ್ಚು 9 ರೂಪಾಯಿ. ಅಷ್ಟನ್ನು ಉಳಿಸಲು ಮಾಲ್‌ನಲ್ಲಿ 30 ರೂಪಾಯಿ ಪಾರ್ಕಿಂಗ್ ಕಟ್ಟಿದರೆ ಪುಕ್ಕಟೆ ಎಲ್ಲಿ ಬಂತು? ಹೇಗೂ ಹೋಗುವ ಜಾಗದಲ್ಲಿ ಸಿಕ್ಕರೆ ಬಿಡಬೇಡಿ, ಅದಕ್ಕೆಂದೇ ಹೋಗಬೇಡಿ. 750 ವಾಟ್‌ನ ಪೋರ್ಟಬಲ್ ಚಾರ್ಜರನ್ನು ಎರಡು ಗಂಟೆ ಹಾಕಿದರೆ ಒಂದು ದಿನದ ಓಟಕ್ಕೆ ಆಗುವಷ್ಟು ತುಂಬುತ್ತದೆ.

ಇನ್ನೊಂದು ಮಾತು. ಕೆಲವು ಆ್ಯಪ್‌ಗಳಲ್ಲಿ ದರ ಸೊನ್ನೆ ಎಂದಿದ್ದರೂ ವಾಲೆಟ್‌ನಲ್ಲಿ ಒಂದಿಷ್ಟು ಹಣ ಇಟ್ಟ ಮೇಲೆಯೇ ಸಾಕೆಟ್ ಚಾಲೂ ಆಗುತ್ತದೆ. ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಸಿಗದೆ ಒದ್ದಾಡುವ ಬದಲು ಮೇಲಿರುವಾಗಲೇ ಆ್ಯಪ್ ಇಳಿಸಿಕೊಂಡು ನೋಂದಣಿ ಮುಗಿಸಿ.

ಪ್ರ: ಮ್ಯಾಪ್‌ನಲ್ಲಿ ‘ಲಭ್ಯ’ ಎಂದು ನೋಡಿ ಕಾರು ತೆಗೆದುಕೊಂಡು ಹೋದೆ. ಒಂದು ಯಂತ್ರದ ಗನ್ ನನ್ನ ಕಾರಿಗೆ ಹಿಡಿಯಲಿಲ್ಲ. ಪಕ್ಕದ್ದರಲ್ಲಿ ದುಂಡನೆಯ ನೀಲಿ ಸಾಕೆಟ್ ಇತ್ತು, ಅದಕ್ಕೆ ನನ್ನ ಪ್ಲಗ್ ಹೋಗಲಿಲ್ಲ. ಏಕೆ?
— ಓದುಗರು, ವಿಜಯನಗರ

ಉ: ನೀವು ನೋಡಿದ್ದು ಹಳೆಯ ‘ಭಾರತ್’ ಮಾದರಿಯ ಯಂತ್ರಗಳು. ಡಿಸಿ-001 ಎಂಬುದರಲ್ಲಿ ಜಿಬಿ/ಟಿ ಎಂಬ ಚೀನಾ ಮಾದರಿಯ ಗನ್ ಇರುತ್ತದೆ, 15 ಕಿಲೋವಾಟ್. ಟ್ಯಾಕ್ಸಿ ಕಂಪನಿಗಳು ಓಡಿಸುತ್ತಿದ್ದ ಇ-ವೆರಿಟೊ, ಆರಂಭದ ಟಿಗೋರ್ ಇವಿ ಕಾರುಗಳಿಗೆ ಅದು ಸರಿಹೋಗುತ್ತಿತ್ತು. ಈಗ ಮನೆಗೆ ಕೊಳ್ಳುವ ಕಾರುಗಳಲ್ಲಿ ಬಹುತೇಕ ಇರುವುದು ಸಿಸಿಎಸ್-2 ಎಂಬ ಬೇರೆ ಆಕಾರದ ಸಾಕೆಟ್. ನೀಲಿ ಸಾಕೆಟ್ ಇರುವುದು ಎಸಿ-001. ಅದರಲ್ಲಿ ಮೂರು ಪಾಯಿಂಟ್, ಒಂದೊಂದೂ 15 ಆಂಪಿಯರ್, 3.3 ಕಿಲೋವಾಟ್. ಕಾರ್ಖಾನೆಗಳಲ್ಲಿ ಬಳಸುವ ಈ ದುಂಡು ಸಾಕೆಟ್ಟಿಗೆ ಮನೆಯ ಪವರ್ ಪ್ಲಗ್ ಹೋಗುವುದಿಲ್ಲ. 16 ಆಂಪಿಯರಿನ ಇಂಡಸ್ಟ್ರಿಯಲ್ ಪ್ಲಗ್ ತಂದು, ಅರ್ಧ ಮೀಟರ್ ಉದ್ದದ ದಪ್ಪ ವೈರಿನ ತುದಿಗೆ ಪವರ್ ಸಾಕೆಟ್ ಕೂರಿಸಿ ಅಡಾಪ್ಟರ್ ಮಾಡಿಸಿಕೊಳ್ಳಬಹುದು. ಮೂರನೆಯ ವೈರನ್ನು, ಅಂದರೆ ಅರ್ಥ್ ಅನ್ನು, ಬಿಡದೆ ಜೋಡಿಸಿದ್ದಾರೆಯೇ ನೋಡಿ.

ಮಾಲ್‌ಗಳಲ್ಲಿ ಸಿಗುವ ಟೈಪ್-2 (ಕಾರಿಗೆ ಎಸಿ ಕರೆಂಟ್ ಕೊಡುವ ಏಳು ಪಿನ್ನಿನ ಮಾದರಿ) ಪಾಯಿಂಟ್ ಬಗ್ಗೆಯೂ ಎಚ್ಚರ. ಕೆಲವಕ್ಕೆ ಕೇಬಲ್ ಅಂಟಿಕೊಂಡೇ ಇರುತ್ತದೆ, ಕೆಲವದರಲ್ಲಿ ಬರೀ ತೂತು. ಎರಡನೆಯದಕ್ಕೆ ಎರಡೂ ತುದಿ ಟೈಪ್-2 ಇರುವ ನಿಮ್ಮದೇ ಕೇಬಲ್ ಬೇಕು. ಫಲಕದ ಮೇಲೆ 7.4 ಕಿಲೋವಾಟ್ ಎಂದಿದ್ದರೂ ನಿಮ್ಮ ಕಾರಿನೊಳಗಿನ ಚಾರ್ಜರ್ 3.3ರದ್ದಾದರೆ ಸಿಗುವುದು ಅಷ್ಟೇ. ಎರಡು ಗಂಟೆಗೆ 6.6 ಯೂನಿಟ್, ನಗರದೊಳಗೆ ಹೆಚ್ಚುಕಡಿಮೆ 40 ಕಿ.ಮೀ.

ಪ್ರ: ಗೃಹಜ್ಯೋತಿ ಇರುವಾಗ ಮನೆಯಲ್ಲೇ ಚಾರ್ಜ್ ಮಾಡಿದರೆ ಪುಕ್ಕಟೆ ತಾನೇ?
— ಓದುಗರು, ತುಮಕೂರು

ಉ: ಅಷ್ಟು ಸಲೀಸಲ್ಲ. 200 ಯೂನಿಟ್ ಎಂಬುದು ಗರಿಷ್ಠ ಮಿತಿ. ನಿಮಗೆ ಪುಕ್ಕಟೆ ಸಿಗುವುದು 2022–23ರ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ ಶೇ 10ರ ಬದಲು 10 ಯೂನಿಟ್). ಸರಾಸರಿ 90 ಯೂನಿಟ್ ಇದ್ದರೆ ಅರ್ಹತೆ 99. ಸ್ಕೂಟರ್ ದಿನಕ್ಕೆ ಒಂದೂವರೆ ಯೂನಿಟ್‌ನಂತೆ 26 ದಿನಕ್ಕೆ 39 ಕುಡಿಯುತ್ತದೆ, ಒಟ್ಟು 129. ಮೇಲಿನ 30 ಯೂನಿಟ್‌ಗೆ ಬಿಲ್ ಬರುತ್ತದೆ, ಅದೇನೂ ಭಾರವಲ್ಲ. ತೊಂದರೆ ಇರುವುದು ಈಗಾಗಲೇ 170ರ ಹತ್ತಿರ ಬಳಸುವ ಮನೆಗಳಿಗೆ. 170ಕ್ಕೆ 39 ಸೇರಿದರೆ 209. 200 ದಾಟಿದ ತಿಂಗಳು ಆ ಒಂಬತ್ತಕ್ಕಲ್ಲ, ಪೂರ್ತಿ 209ಕ್ಕೂ ಬಿಲ್ ಕಟ್ಟಬೇಕು. ಅಂಥವರು ಮೀಟರ್ ರೀಡಿಂಗ್ ಮೇಲೆ ಕಣ್ಣಿಟ್ಟು, ತಿಂಗಳ ಕೊನೆಯ ವಾರ ಕಚೇರಿಯಲ್ಲೋ ಹೊರಗೋ ಚಾರ್ಜ್ ಮಾಡಿಕೊಂಡರೆ ನಿಜವಾದ ಲಾಭವಿದೆ. ಎಲೆಕ್ಟ್ರಿಕ್ ವಾಹನಕ್ಕೆಂದೇ ಬೇರೆ ಮೀಟರ್ ಹಾಕಿಸಿದರೆ ಅದರ ದರ ವರ್ಗವೇ ಬೇರೆ, ಗೃಹಜ್ಯೋತಿ ಅದಕ್ಕೆ ಅನ್ವಯಿಸದು.

ಪ್ರ: ಮನೆಯ ಕರೆಂಟಿಗೆ ಇಲ್ಲದ ಜಿಎಸ್‌ಟಿ ಚಾರ್ಜಿಂಗ್ ಸ್ಟೇಷನ್‌ನಲ್ಲಿ ಏಕೆ?
— ಓದುಗರು, ಮೈಸೂರು

ಉ: ಅಲ್ಲಿ ಮಾರುವುದು ವಿದ್ಯುತ್ತಲ್ಲ, ಸೇವೆ ಎಂಬ ಕಾರಣಕ್ಕೆ. ನಿಮ್ಮೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ ಈ ಪ್ರಶ್ನೆ ಎತ್ತಿತ್ತು. ಶೇ 18 ತೆರಿಗೆ ಬೀಳುತ್ತದೆಂದು ಜಿಎಸ್‌ಟಿ ಗೊಂದಲಗಳಿಗೆ ಉತ್ತರ ಕೊಡುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತು.

ಪ್ರ: ಪ್ರವಾಸ ಹೋದಾಗ ಹೋಟೆಲಿನವರು ಪುಕ್ಕಟೆಯಾಗಿ ಪ್ಲಗ್ ಕೊಟ್ಟರು. ಆದರೆ ಕಾರಿನ ಚಾರ್ಜರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಬಂದು ಚಾರ್ಜ್ ಆಗಲಿಲ್ಲ. ಮನೆಯಲ್ಲಿ ಸರಿಯಾಗಿದೆ.
— ಓದುಗರು, ದಾವಣಗೆರೆ

ಉ: ಹತ್ತರಲ್ಲಿ ಒಂಬತ್ತು ಸಲ ಅರ್ಥಿಂಗ್ ದೋಷವೇ. ಮಲ್ಟಿಮೀಟರ್ ಇಟ್ಟುಕೊಂಡ ಎಲೆಕ್ಟ್ರೀಷಿಯನ್ ಎರಡು ನಿಮಿಷದಲ್ಲಿ ಹೇಳುತ್ತಾರೆ: ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗಿರಬೇಕು. ಫೇಸ್–ಅರ್ಥ್ ನಡುವೆ ನೂರರ ಹತ್ತಿರ ತೋರಿಸಿದರೆ ಅರ್ಥ್ ವೈರ್ ಎಲ್ಲೂ ನೆಲ ಮುಟ್ಟಿಲ್ಲ ಎಂದರ್ಥ. ಕರೆಂಟ್ ಹೋಗಿ ಜನರೇಟರ್ ಓಡುತ್ತಿದ್ದರೂ ಇದೇ ದೀಪ ಬರಬಹುದು. ಜನರೇಟರಿನ ನ್ಯೂಟ್ರಲ್ಲನ್ನು ಅರ್ಥ್‌ಗೆ ಜೋಡಿಸಿರದಿದ್ದರೆ ಚಾರ್ಜರ್ ಒಪ್ಪುವುದಿಲ್ಲ. ಲೈನ್ ಕರೆಂಟ್ ಬರುವವರೆಗೆ ಕಾಯಿರಿ.

ನ್ಯೂಟ್ರಲ್ಲನ್ನೇ ಅರ್ಥ್‌ಗೆ ಸೇರಿಸಿ ಪೆಟ್ಟಿಗೆಯನ್ನು ಯಾಮಾರಿಸುವ ಅಡಾಪ್ಟರ್‌ಗಳು ಮಾರುಕಟ್ಟೆಯಲ್ಲಿವೆ. ಕೊಳ್ಳಬೇಡಿ. ಆ ಸಾಕೆಟ್ಟಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಅಥವಾ ಹಿಂದೆಲ್ಲೋ ನ್ಯೂಟ್ರಲ್ ತುಂಡಾದರೆ ಕಾರಿನ ಬಾಡಿಗೇ 230 ವೋಲ್ಟ್ ಬರುತ್ತದೆ.

ದೀಪ ಹಸಿರಾದ ಮೇಲೂ ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಒಳಗಿನ ಹಿತ್ತಾಳೆ ಹಿಡಿತ ಸಡಿಲವಾಗಿದೆ, ಬೇರೆ ಸಾಕೆಟ್ ಕೇಳಿ. ಎಕ್ಸ್‌ಟೆನ್ಷನ್ ಬೇಕೇಬೇಕೆಂದರೆ 2.5 ಸ್ಕ್ವೇರ್ ಎಂಎಂ ತಾಮ್ರದ, ಮೂರು ಕೋರ್ ಇರುವ ವೈರ್. ಸುರುಳಿಯನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿ. ಸುತ್ತಿಕೊಂಡೇ ಇದ್ದರೆ ಒಳಗಿನ ಶಾಖ ಹೊರಹೋಗದೆ ಇನ್ಸುಲೇಷನ್ ಕರಗುತ್ತದೆ.