ತಾತನ ಗ್ಲೆನ್ ಮಿಲ್ಲರ್ ತಟ್ಟೆಗಳನ್ನು ಮಾರುವ ಮೊದಲು ಮುಳ್ಳನ್ನು ನೋಡಿ

ಅಮೆರಿಕದ ವಾದ್ಯವೃಂದದ ನಾಯಕ ಗ್ಲೆನ್ ಮಿಲ್ಲರ್‌ನ ತಾತನ ಕಾಲದ ಗ್ರಾಮಫೋನ್ ತಟ್ಟೆಗಳಲ್ಲಿ ಬರೀ ಕರಕರ ಸದ್ದು ಬರುತ್ತಿದೆ, ಅವನ್ನು ಮಾರಿ ಅವನ ಸಂಗೀತದ ಸ್ಟೀರಿಯೊ (ಎಡ, ಬಲ ಬೇರೆಬೇರೆ ದನಿ ಬರುವ) ಸಂಗ್ರಹವೊಂದನ್ನು ಕೊಳ್ಳಲೇ ಎಂದು ಕೇಳಿದ್ದೀರಿ. 2009ರಲ್ಲಿ ನಾನು ಮಾಡಿದ್ದು ಅದನ್ನೇ.

ನನ್ನ ತಾತ ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದರು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದ ಮೇಲೆ ಊರಿಗೆ ಹೊರಟ ಇಂಗ್ಲಿಷ್ ಅಧಿಕಾರಿಯೊಬ್ಬರು 78 ವೇಗದ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, 11 ತಟ್ಟೆಗಳನ್ನು ಅವರಿಗೆ ಕೊಟ್ಟುಹೋಗಿದ್ದರಂತೆ. ಹಳೆಯ ಸಾಮಾನಿನ ಅಂಗಡಿಯಿಂದ ನಾನು ತಂದ ಪ್ಲೇಯರ್‌ನಲ್ಲಿ 33, 45, 78 ಎಂಬ ವೇಗಗಳಿದ್ದವು. ಗುಂಡಿಯನ್ನು 78ಕ್ಕೆ ತಿರುಗಿಸಿ, ಅಷ್ಟಾದರೆ ಸಾಕೆಂದುಕೊಂಡೆ.

ತಪ್ಪಿದ್ದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1948ರಲ್ಲಿ ನಿಧಾನವಾಗಿ ತಿರುಗಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ ಬಂದಾಗ ಬದಲಾದದ್ದು ವೇಗವೊಂದೇ ಅಲ್ಲ. ಮುಳ್ಳು ಓಡುವ ತಟ್ಟೆಯ ಗೀರೂ ಸಣ್ಣದಾಯಿತು. 78ರ ಹಳೆಯ ಅರಗಿನ ತಟ್ಟೆಯ ಗೀರು ಅದಕ್ಕಿಂತ ಸುಮಾರು 3 ಪಟ್ಟು ಅಗಲವಾಗಿರುತ್ತದೆ, ಅದಕ್ಕೆ ತಕ್ಕಂತೆ ದಪ್ಪ ಮುಳ್ಳೂ ಬೇಕು. ಎಲ್‌ಪಿಯ ಸಣ್ಣ ಮುಳ್ಳನ್ನು ಅಲ್ಲಿಟ್ಟರೆ ಅದು ಸಂಗೀತವಿರುವ ಗೋಡೆಗಳಿಗೆ ಒರಗದೆ ನೇರವಾಗಿ ತಳಕ್ಕಿಳಿದು, ದಶಕಗಳ ಧೂಳನ್ನೂ ಉಕ್ಕಿನ ಮುಳ್ಳುಗಳು ಸವೆದು ಉಳಿಸಿದ ಪುಡಿಯನ್ನೂ ಕೆರೆಯುತ್ತ ಹೋಗುತ್ತದೆ. ನೀವು ಕೇಳುತ್ತಿರುವುದು ಆ ಕೆರೆತವನ್ನು. ನನ್ನ ಪ್ಲೇಯರ್‌ನ ತೋಳಿನ ತುದಿಯಲ್ಲಿ ಬೆರಳ ಉಗುರಿನಷ್ಟು ದೊಡ್ಡ ಕೀಲೊಂದಿತ್ತು. ಅದನ್ನು ಹೊರಳಿಸಿದರೆ ಇನ್ನೊಂದು ಬದಿಯ ದಪ್ಪ ಮುಳ್ಳು ಕೆಳಗೆ ಬರುತ್ತಿತ್ತು. ಅದನ್ನು ಒಮ್ಮೆಯೂ ಮುಟ್ಟಲಿಲ್ಲ. ತಟ್ಟೆಗಳು ಸತ್ತಿವೆ ಎಂದು ನಾನೇ ತೀರ್ಮಾನಿಸಿ 150 ರೂಪಾಯಿಗೆ ಗುಜರಿಯವನಿಗೆ ಕೊಟ್ಟೆ.

ಆಮೇಲೆ ಸ್ಟೀರಿಯೊ ಸಂಗ್ರಹ ಕೊಂಡೆ. ಸ್ವಚ್ಛವಾಗಿತ್ತು, ಆದರೆ ತಾತ ಗುನುಗುತ್ತಿದ್ದದ್ದು ಅದಲ್ಲವೆಂದು ಅನ್ನಿಸುತ್ತಲೇ ಇತ್ತು. ರಟ್ಟಿನ ಹಿಂಬದಿಯ ಸಣ್ಣಕ್ಷರ ಓದಿದಾಗ ತಿಳಿಯಿತು, ಅದು ಬೇರೆ ವಾದಕರು ಮುಂದೆಂದೋ ನುಡಿಸಿದ ನಕಲು. ನಾನು ಮೊದಲೇ ಲೆಕ್ಕ ಹಾಕಬೇಕಿತ್ತು: ಮಿಲ್ಲರ್ ಹತ್ತಿದ ವಿಮಾನ 1944ರ ಡಿಸೆಂಬರ್ 15ರಂದು ಇಂಗ್ಲೆಂಡಿನಿಂದ ಫ್ರಾನ್ಸಿಗೆ ಹೋಗುವಾಗ ಕಾಣೆಯಾಯಿತು, ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು ಅದಾದ ಹತ್ತು ವರ್ಷಗಳಿಗೂ ಆಚೆ.

ಎರಡು ವರ್ಷಗಳ ನಂತರ ಅಟ್ಟದ ಪೆಟ್ಟಿಗೆಯ ತಳದಲ್ಲಿ ಹನ್ನೆರಡನೆಯ ತಟ್ಟೆಯೊಂದು ಸಿಕ್ಕಿತು. ಅಂಚು ತುಸು ಒಡೆದಿತ್ತು. ರಿಪೇರಿಗೆ ಬಂದ ಮುದುಕರೊಬ್ಬರು ಏನನ್ನೂ ಹೇಳದೆ ಆ ಕೀಲನ್ನು ಹೊರಳಿಸಿ ಮುಳ್ಳಿಟ್ಟರು. 1939ರ ಆಗಸ್ಟ್ 1ರಂದು ಧ್ವನಿಮುದ್ರಣವಾದ ಮಿಲ್ಲರ್‌ನ 'ಇನ್ ದ ಮೂಡ್' ಅದು. ಅದರ ಕೊನೆಯ ಭಾಗದಲ್ಲಿ ವಾದ್ಯಗಳು ಒಂದೇ ತುಣುಕನ್ನು ಸಾರಿಸಾರಿಗೂ ಮೆಲ್ಲಗೆ, ಇನ್ನೂ ಮೆಲ್ಲಗೆ ನುಡಿಸಿ, ಮುಗಿಯಿತು ಎನ್ನುವಷ್ಟರಲ್ಲಿ ಒಮ್ಮೆಲೇ ಅಬ್ಬರಿಸುತ್ತವೆ. ನನ್ನ ಕರಕರ ನುಂಗಿದ್ದು ಸರಿಯಾಗಿ ಆ ಮೆಲುದನಿಯನ್ನೇ. ಮಾರಿದ 11ರಲ್ಲಿ 'ಮೂನ್‌ಲೈಟ್ ಸೆರೆನೇಡ್' ಕೂಡ ಇತ್ತು. ಮಿಲ್ಲರ್ ತಾನೇ ಟ್ರೊಂಬೋನ್ ವಾದಕನಾದರೂ ತನ್ನ ವಾದ್ಯವೃಂದದ ಗುರುತನ್ನು ಕ್ಲಾರಿನೆಟ್ಟಿನ ಮೇಲೆ ಕಟ್ಟಿದವನು: ವಿಲ್ಬರ್ ಶ್ವಾರ್ಟ್ಸ್ ಅವರ ಕ್ಲಾರಿನೆಟ್ ಮೇಲೆ ರಾಗವನ್ನು ಹಿಡಿದರೆ ಒಂದು ಟೆನರ್ ಸ್ಯಾಕ್ಸೊಫೋನ್ ಅದನ್ನೇ ಒಂದು ಸ್ಥಾಯಿ ಕೆಳಗೆ ನುಡಿಸುತ್ತದೆ, ಉಳಿದ ಸ್ಯಾಕ್ಸೊಫೋನ್‌ಗಳು ನಡುವೆ ತುಂಬುತ್ತವೆ. ಆ ಹೆಣಿಗೆಯನ್ನು ಆ ತಟ್ಟೆಯಲ್ಲಿ ಕೇಳುವ ಅವಕಾಶ ನನಗೆ ಹೋಯಿತು.

ಆದ್ದರಿಂದ ಇಟ್ಟುಕೊಳ್ಳುವುದೋ ಮಾರುವುದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಟ್ಟೆಗಳು ಹಾಳಾಗಿವೆ ಎಂಬುದು ಇನ್ನೂ ಸಾಬೀತಾಗಿಲ್ಲ. 78ರ ಮುಳ್ಳನ್ನು ಹಾಕಿಸಿ. ತೊಳೆಯಲು ಸ್ಪಿರಿಟ್ ಮಾತ್ರ ಬೇಡ, ಅರಗು ಅದರಲ್ಲಿ ಕರಗುತ್ತದೆ. ಬಡಗಿಗಳು ಪಾಲಿಶ್ ತಯಾರಿಸುವುದೇ ಹಾಗೆ. ಕೈಯಿಂದ ಕೀಲಿ ಕೊಡುವ ಹಳೆಯ ಗ್ರಾಮಫೋನಿನಲ್ಲಿ ನುಡಿಸುವುದು ನೋಡಲು ಚಂದ, ತಟ್ಟೆಗೆ ಕೇಡು. ಸ್ಟೀರಿಯೊ ಎಂದು ಬರೆದ ಮಿಲ್ಲರ್ ಸಂಗ್ರಹಕ್ಕೆ ದುಡ್ಡು ಕೊಡಬೇಡಿ. ಕೊಳ್ಳಲೇಬೇಕೆಂದಿದ್ದರೆ 1938ರಿಂದ 1942ರವರೆಗಿನ ಮೂಲ ಧ್ವನಿಮುದ್ರಣಗಳ ಮೋನೊ (ಎರಡೂ ಕಡೆ ಒಂದೇ ದನಿ ಬರುವ) ಪ್ರತಿಯನ್ನು ಹುಡುಕಿ. ದಪ್ಪ ಮುಳ್ಳಿನಲ್ಲಿ ಕೇಳಿದ ಮೇಲೂ ಮಾರುವ ಮನಸ್ಸಿದ್ದರೆ ನನಗೇ ಬರೆಯಿರಿ, ಗುಜರಿಯವನಿಗಿಂತ ಒಳ್ಳೆಯ ಬೆಲೆ ಕೊಡುತ್ತೇನೆ.