ಯುದ್ಧ ನಡೆಯುವಾಗ ಪಾಲಿಕೆ ತನ್ನ ಲೆಕ್ಕ ಮುಚ್ಚಿಡಬಹುದಾ?

ಎಲ್ಲವನ್ನೂ ಮುಚ್ಚಿಡುವಂತಿಲ್ಲ. ಯುದ್ಧ ಬಂತು ಅಂತ 2005ರ ಮಾಹಿತಿ ಹಕ್ಕು ಕಾಯ್ದೆ ತಾನಾಗಿ ನಿಲ್ಲುವುದಿಲ್ಲ. ಅದರ 8(1)(ಎ) ಕಲಂ ಪ್ರಕಾರ ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಯನ್ನು ತಡೆಹಿಡಿಯಬಹುದು, ಅಷ್ಟೇ.

ನಮ್ಮ ಹುಬ್ಬಳ್ಳಿ-ಧಾರವಾಡವನ್ನೇ ನೋಡಿ. ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಕುಡಿಯುವ ನೀರು ಬರುತ್ತದೆ. ಪಂಪ್‌ಹೌಸ್ ನಕ್ಷೆ, ಕಾವಲಿನ ವಿವರ ಕೊಡಲ್ಲ ಅಂದರೆ ಒಪ್ಪೋಣ. ಆದರೆ ನಿಮ್ಮ ವಾರ್ಡಿಗೆ ಎಷ್ಟು ಟ್ಯಾಂಕರ್ ಬಂದವು, ಒಂದು ಟ್ರಿಪ್ಪಿಗೆ ಎಷ್ಟು ಬಿಲ್ ಹಾಕಿದರು? ಇದರಲ್ಲಿ ಶತ್ರುವಿಗೆ ಸಿಗುವ ಗುಟ್ಟು ಏನಿದೆ ಹೇಳಿ! ಜಾಸ್ತಿ ಅಂದರೆ ಗುತ್ತಿಗೆದಾರನಿಗೆ ಮುಜುಗರ ಆದೀತು.

ಒಂದೇ ಕಡತದಲ್ಲಿ ಎರಡೂ ಇದ್ದರೆ? 10ನೇ ಕಲಂ ಇರುವುದೇ ಅದಕ್ಕೆ. ಗುಟ್ಟಿನ ಸಾಲುಗಳಿಗೆ ಮಸಿ ಬಳಿದು ಉಳಿದದ್ದನ್ನು ಕೊಡಬಹುದು. 8(2) ಇನ್ನೂ ಗಟ್ಟಿ: ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ತಡೆದ ಮಾಹಿತಿಗೂ ಬಾಗಿಲು ತೆರೆಯಬಹುದು.

ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಜೀವದ ಪ್ರಶ್ನೆಯಾದರೆ 48 ಗಂಟೆ. ಸುಮ್ನೆ ‘ಭದ್ರತೆಯ ಕಾರಣ’ ಅಂತ ಒಂದು ಸಾಲಿನ ಹಿಂಬರಹ ಬಂದರೆ ಬಿಡಬೇಡಿ. ನಿರಾಕರಣೆಗೆ ಕಾರಣ ಬರೆಯಲೇಬೇಕು. ಹಿಂಬರಹ ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.